ಪೊಣ್ಣು ನಮ್ಮಲ್ಲಿದ್ದ ಮಳೆಗಾಲ

ಕಳೆದ ವಾರ ಬಂದರಿನಲ್ಲಿ ಒಬ್ಬರ ಮನೆಗೆ ಹೋಗಬೇಕಾಗಿ ಬಂತು. ಸೊಂಟದ ಮೂಳೆ ಮುರಿದು ಆಪರೇಷನ್ ಆದ ವೃದ್ಧೆ. ಅವರಿಗೆ ವಾಕರ್ ಹಿಡಿಸಿ ನಾಲ್ಕು ಹೆಜ್ಜೆ ನಡೆಸುವುದು ನನ್ನ ಕೆಲಸ. ನಾನು ಫಿಸಿಯೋಥೆರಪಿಸ್ಟ್. ಆಟೋದಿಂದ ಇಳಿದು ಗೋದಾಮುಗಳ ನಡುವಿನ ಓಣಿಗೆ ಕಾಲಿಟ್ಟದ್ದೇ ತಡ, ಮಳೆನೀರು ಮತ್ತು ಒಣಮೀನು ಬೆರೆತ ವಾಸನೆ ಮೂಗಿಗೆ ಬಡಿಯಿತು. ಬೇರೆಯವರಾದರೆ ಸೆರಗು ಅಡ್ಡ ಹಿಡಿಯುತ್ತಿದ್ದರು. ನಾನು ಕೊಡೆ ಬಿಚ್ಚುವುದನ್ನೂ ಮರೆತು ನಿಂತುಬಿಟ್ಟೆ. ಮೂರು ವರ್ಷದ ಹಿಂದಿನ ಮಳೆಗಾಲದಲ್ಲಿ, ಒಂದು ನಾಯಿಯ ವಿಷಯಕ್ಕೆ ನಾನು ಎಷ್ಟು ಸಣ್ಣವಳಾಗಿದ್ದೆ ಎಂಬುದು ಆ ವಾಸನೆಯ ಹಿಂದೆಯೇ ಬಂತು.

ಆಗಲೂ ಈಗಲೂ ನಾನು ಮತ್ತು ಅಮ್ಮ ಇರುವುದು ದೇರೆಬೈಲಿನ ಬಾಡಿಗೆ ಮನೆಯಲ್ಲಿ. ಒಂದೇ ಕಂಪೌಂಡಿನೊಳಗೆ ಎರಡು ಮನೆ. ಎದುರಿನದು ನಮ್ಮದು, ಹಿಂದಿನದು ಹಸನಬ್ಬ ಅವರದು. ನಡುವೆ ಬಾವಿ, ಬಟ್ಟೆ ಒಗೆಯುವ ಕಲ್ಲು, ಒಂದು ನುಗ್ಗೆ ಮರ. ಹಸನಬ್ಬರಿಗೆ ಬಂದರಿನಲ್ಲಿ ಒಣಮೀನಿನ ಸಗಟು ವ್ಯಾಪಾರ. ವಯಸ್ಸು ಎಪ್ಪತ್ತರ ಹತ್ತಿರ. ನಾವು ಅವರನ್ನು ಕರೆಯುವುದು ಹಸನಾಕ ಎಂದು. ಆ ವರ್ಷ ಅವರ ಹೆಂಡತಿ ಐಸಮ್ಮ ಮಗಳ ಹೆರಿಗೆಗೆಂದು ದುಬೈಗೆ ಹೋಗಿದ್ದರು. ಒಬ್ಬರೇ ಇದ್ದ ಹಸನಾಕ ಮಧ್ಯಾಹ್ನ ದಾಟಿದ ಮೇಲೆ ಬಂದರಿನಿಂದ ಬಂದು, ಸ್ನಾನ ಮುಗಿಸಿ, ಸಂಜೆಯ ಅಸರ್ ನಮಾಜು ಮಾಡಿ, ಮನೆಯ ಮೆಟ್ಟಿಲ ಮೇಲೆ ಪೇಪರ್ ಹಿಡಿದು ಕೂತರೆ ಸೂರ್ಯ ಮುಳುಗಿ ಮಗ್ರಿಬ್‌ನ ಬಾಂಗ್ ಆಗುವವರೆಗೂ ಏಳುತ್ತಿರಲಿಲ್ಲ.

ನಾಯಿಯನ್ನು ತಂದು ಬಿಟ್ಟದ್ದು ಐರಿನ್. ಹಂಪನಕಟ್ಟೆಯ ನಮ್ಮ ಕ್ಲಿನಿಕ್ಕಿಗೆ ಭುಜ ಹಿಡಿದುಕೊಂಡು ಬಂದಿದ್ದವರು. ಪೆಟ್ಟು ತಿಂದ ಬೀದಿ ನಾಯಿಗಳನ್ನು ಮನೆಗೆ ತಂದು, ಮದ್ದು ಮಾಡಿ, ಅವನ್ನು ಸಾಕುವವರನ್ನು ಹುಡುಕಿಕೊಡುವುದು ಅವರ ಹವ್ಯಾಸ. ಮಳೆ ಹಿಡಿದ ಮೊದಲ ವಾರ ಕಾರಿನ ಹಿಂದಿನ ಸೀಟಿನಿಂದ ಅವರು ಇಳಿಸಿದ್ದು ಕಂದು ಬಣ್ಣದ ಒಂದು ಹೆಣ್ಣು ನಾಯಿ. ಬಂದರಿನ ಒಂದು ಗೋದಾಮಿನ ಹಿಂದೆ ಸಿಕ್ಕಿದ್ದಂತೆ. ಯಾರೋ ಬಿಸಿನೀರು ಎರಚಿದ್ದರು. ಬೆನ್ನಿನ ಮೇಲೆ ಅಂಗೈಯಗಲ ಚರ್ಮ ಸುಲಿದಿತ್ತು.

"ಒಂದೆರಡು ತಿಂಗಳು ಇಟ್ಟುಕೊಳ್ಳಿ ಡಾಕ್ಟ್ರೇ," ಎಂದರು ಐರಿನ್. "ಗಾಯ ಒಣಗ್ತದೆ, ಅದು ದೊಡ್ಡ ವಿಷಯ ಅಲ್ಲ. ಹೆದರಿಕೆ ಹೋಗ್ಲಿಕ್ಕೆ ಒಂದು ಮನೆ ಬೇಕು. ನನ್ನಲ್ಲಿ ಈಗಲೇ ಒಂಬತ್ತು ಉಂಟು. ನಿಮ್ಮ ಕೈಗೆ ನನ್ನ ಭುಜವೇ ಬಗ್ಗಿತು, ಇದು ಬಗ್ಗುವುದಿಲ್ಲವಾ?"

ಆ ಕೊನೆಯ ಮಾತಿಗೆ ನಾನು ಒಪ್ಪಿದ್ದು. ಹದಿನೆಂಟು ವರ್ಷ ಜನರ ನೋವಿನ ಮೇಲೆ ಕೈಯಿಟ್ಟು ಬದುಕಿದವಳು ನಾನು. ಮುಟ್ಟಿದರೆ ಸಾಕು ಬಿಗಿದ ಸ್ನಾಯು ಸಡಿಲವಾಗುತ್ತದೆ ಎಂದು ಪೇಷೆಂಟುಗಳು ಹೇಳುವುದನ್ನು ಕೇಳಿ ಕೇಳಿ, ನನಗೂ ಅದು ಸತ್ಯವೆಂದು ಕಂಡಿತ್ತು.

ನಾಯಿ ಒಳಗೆ ಬಂದದ್ದೇ ಹಿಂದಿನ ಕೋಣೆಯ ಮಂಚದಡಿಗೆ ನುಗ್ಗಿತು. ಹನ್ನೊಂದು ದಿನ ಅಲ್ಲಿಂದ ತಾನಾಗಿ ಹೊರಗೆ ಬರಲಿಲ್ಲ. ಉಚ್ಚೆಯೂ ಅಲ್ಲೇ, ನಿದ್ದೆಯೂ ಅಲ್ಲೇ. ಅಮ್ಮ ಗೊಣಗುತ್ತಲೇ ನೆಲ ಒರೆಸಿದರು, ಗೊಣಗುತ್ತಲೇ ಅದಕ್ಕೆ ಪೊಣ್ಣು ಎಂದು ಹೆಸರಿಟ್ಟರು. ತುಳುವಿನಲ್ಲಿ ಪೊಣ್ಣು ಎಂದರೆ ಹುಡುಗಿ. ನಾನು ಕ್ಲಿನಿಕ್ಕಿನಿಂದ ಬಂದವಳೇ ಆ ನೆಲದ ಮೇಲೆ ಹೊಟ್ಟೆ ಅಡಿಯಾಗಿ ಮಲಗಿ, ಕೋಳಿಯ ಲಿವರ್ ಬೇಯಿಸಿ ಅಂಗೈಯಲ್ಲಿಟ್ಟು, ಮೆಲ್ಲನೆ ಮಾತಾಡುತ್ತಿದ್ದೆ. ಅದರ ಕಣ್ಣಿನ ಬಿಳಿ ಮಾತ್ರ ಕಾಣುತ್ತಿತ್ತು. ನಾನು ಎದ್ದು ಬಾಗಿಲು ಮುಚ್ಚಿದ ಮೇಲೆಯೇ ತಿನ್ನುವ ಸದ್ದು ಕೇಳುತ್ತಿತ್ತು. ದಿನಕ್ಕೊಮ್ಮೆ ಟವೆಲ್ ಹಾಕಿ ಹಿಡಿದೆಳೆದು ಬೆನ್ನಿಗೆ ಮುಲಾಮು ಹಚ್ಚಬೇಕಿತ್ತು. ಆಗ ನನ್ನ ಬೆರಳ ಕೆಳಗೆ ಅದರ ಮೈಯೆಲ್ಲ ನಡುಗುತ್ತಿತ್ತು. ಕಚ್ಚಲಿಲ್ಲ, ನೆಕ್ಕಲೂ ಇಲ್ಲ. ನನ್ನ ಕೈ ಅದಕ್ಕೆ ಇನ್ನೊಂದು ಶಿಕ್ಷೆಯಾಗಿತ್ತು.

ಹನ್ನೆರಡನೆಯ ದಿನ ಸಂಜೆ ಮಳೆ ನಿಂತು ಹೊಳವಾಗಿತ್ತು. ಅಮ್ಮ ಕೋಣೆ ಗಾಳಿಯಾಡಲಿ ಎಂದು ಹಿಂದಿನ ಬಾಗಿಲು ತೆರೆದಿಟ್ಟಿದ್ದರು. ನಾನು ಬಂದು ನೋಡಿದರೆ ಮಂಚದಡಿ ಖಾಲಿ. ಗಾಬರಿಯಾಗಿ ಅಡುಗೆಮನೆಯ ಕಿಟಕಿಯಿಂದ ಇಣುಕಿದೆ. ಪೊಣ್ಣು ಬಟ್ಟೆ ಒಗೆಯುವ ಕಲ್ಲಿನ ಆಚೆ, ಹಸನಾಕರ ಮೆಟ್ಟಿಲಿಂದ ಹತ್ತಡಿ ದೂರದಲ್ಲಿ, ಮುಂಗಾಲಿನ ಮೇಲೆ ಗಲ್ಲವಿಟ್ಟು ಮಲಗಿತ್ತು. ಹಸನಾಕ ಪೇಪರ್ ಓದುತ್ತಿದ್ದರು. ಅವರು ಅದನ್ನು ನೋಡಿರಲೇ ಇಲ್ಲ.

ನನಗೆ ಖುಷಿಯಾಗಬೇಕಿತ್ತು. ಎದೆಯಲ್ಲಿ ಚುರ್ ಎಂದದ್ದು ಬೇರೆಯೇ. ಹನ್ನೊಂದು ದಿನ ನೆಲದ ಮೇಲೆ ಹೊರಳಾಡಿದವಳು ನಾನು, ಅದು ಹೋಗಿ ಮಲಗಿದ್ದು ಅಲ್ಲಿ.

ಮರುದಿನವೂ ಅದೇ ಹೊತ್ತಿಗೆ ಪೊಣ್ಣು ಬಾಗಿಲ ಹತ್ತಿರ ಬಂದು ನಿಂತಿತು. ಹತ್ತಡಿ ಎಂಟಾಯಿತು, ಆರಾಯಿತು. ತಿಂಗಳು ತುಂಬುವಷ್ಟರಲ್ಲಿ ಅದು ಮೆಟ್ಟಿಲ ಬುಡದಲ್ಲೇ ಮಲಗುತ್ತಿತ್ತು. ಹಸನಾಕ ಫೋನಿನಲ್ಲಿ ಐಸಮ್ಮನೊಡನೆ ಬ್ಯಾರಿ ಭಾಷೆಯಲ್ಲಿ ಮಾತಾಡುವಾಗ ಕಿವಿ ಎತ್ತುತ್ತಿತ್ತು. ಒಂದು ಸಂಜೆ ಅವರು ಕೆಮ್ಮಿದ್ದಕ್ಕೆ ಅದರ ಬಾಲ ಎರಡು ಸಲ ಅಲ್ಲಾಡಿತು. ಆ ಬಾಲ ಅಲ್ಲಾಡುವುದನ್ನು ನಾನು ಮೊದಲ ಬಾರಿಗೆ ಕಂಡದ್ದು ಕಿಟಕಿಯ ಸರಳಿನೊಳಗಿಂದ.

ಒಂದು ದಿನ ತಡೆಯಲಾರದೆ ಕೇಳಿದೆ. "ಹಸನಾಕ, ನೀವು ಇದಕ್ಕೆ ಎಂತ ಮಾಡಿದ್ದು?"

ಅವರು ಕನ್ನಡಕದ ಮೇಲಿಂದ ನೋಡಿದರು. "ನಾನು ಎಂತದೂ ಮಾಡ್ಲಿಲ್ಲ ಮಾರಾಯ್ತಿ. ನಮಾಜು ಮಾಡುವವನು, ಮುಟ್ಟಲಿಕ್ಕೂ ಇಲ್ಲ ನನಗೆ. ಒದ್ದೆ ಮೂಗು ತಾಗಿದರೆ ಏಳು ಸಲ ತೊಳೀಬೇಕು, ಅದರಲ್ಲಿ ಒಂದು ಸಲ ಮಣ್ಣು ಹಾಕಿ. ಇದು ಬರ್ತದೆ, ಕೂತುಕೊಳ್ತದೆ. ಓಡಿಸಲಿಕ್ಕೆ ಮನಸ್ಸು ಬರುವುದಿಲ್ಲ, ಅಷ್ಟೇ."

ಎಂತದೂ ಮಾಡ್ಲಿಲ್ಲ. ಆ ಮಾತು ನನ್ನನ್ನು ಎರಡು ದಿನ ಕೊರೆಯಿತು. ಏನಾದರೂ ಮಾಡಿದ್ದರೆ ನಾನೂ ಅದನ್ನೇ ಮಾಡಬಹುದಿತ್ತು. ಕೊನೆಗೆ, ಎಲ್ಲ ಸ್ನಾನ ಮಾಡಿದರೂ ಅವರ ಮೈಯಿಂದ ಹೋಗದ ಒಣಮೀನಿನ ವಾಸನೆಯ ಆಟ, ಬಂದರಿನಲ್ಲಿ ಹುಟ್ಟಿದ ನಾಯಿಗೆ ಅದೇ ತವರಿನ ವಾಸನೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸಿಟಿ ಬಸ್ಸಿನಿಂದ ಇಳಿದು ಮಾರ್ಕೆಟ್ಟಿಗೆ ಹೋಗಿ ಒಣ ಸಿಗಡಿ ತಂದೆ. ಹಳೆಯ ಚೂಡಿದಾರದ ಮಡಿಲಲ್ಲಿ ಅದನ್ನು ಹಾಕಿಕೊಂಡು ನಮ್ಮ ಹಿಂದಿನ ಮೆಟ್ಟಿಲ ಮೇಲೆ ಕೂತೆ. ಪೊಣ್ಣು ಬಂತು, ಕತ್ತು ಉದ್ದ ಮಾಡಿ ನಾಲ್ಕು ಸಿಗಡಿ ಹೆಕ್ಕಿ ತಿಂದಿತು, ತಿರುಗಿ ಹೋಗಿ ಹಸನಾಕರ ಮೆಟ್ಟಿಲ ಬುಡದಲ್ಲಿ ಮಲಗಿತು.

ಅಮ್ಮ ಒಳಗಿನಿಂದ ನೋಡಿ ನಗಲು ಶುರುಮಾಡಿದರು. "ಶೈಲಾ, ಎಂತ ನಿನ್ನ ಅವತಾರ. ನೀನು ಅದನ್ನು ನೋಡುವುದು ಹೇಗೆ ಗೊತ್ತುಂಟಾ? ಇವತ್ತು ಎಷ್ಟು ಗುಣ ಆಯ್ತು ಅಂತ ಚೀಟಿಯಲ್ಲಿ ಬರೆಯುವವರ ಹಾಗೆ. ಪಾಪ, ಅದಕ್ಕೆ ಹೆದರಿಕೆ ಆಗದೆ ಇರ್ತದಾ?"

ನಾನು ಸಿಗಡಿಯ ಕೈಯನ್ನು ಸೋಪು ಹಾಕಿ ತೊಳೆದೆ.

ಜುಲೈಯ ನಡುವಿನಲ್ಲಿ ಒಂದು ಭಾನುವಾರ ಐರಿನ್ ಬಂದರು. ಅವರು ಗೇಟು ದಾಟಿ ಹಿತ್ತಿಲಿಗೆ ಬಂದಾಗ ಪೊಣ್ಣು ಹಸನಾಕರ ಚಪ್ಪಲಿಯ ಪಕ್ಕ ಕಾಲು ಚಾಚಿ ಮಲಗಿತ್ತು. ಅವರನ್ನು ಕಂಡು ಎದ್ದಿತು, ಆದರೆ ಓಡಲಿಲ್ಲ. ಹಸನಾಕರ ಮೆಟ್ಟಿಲಿಗೆ ಒತ್ತಿಕೊಂಡು ನಿಂತಿತು.

"ಇದು ಅದೇ ನಾಯಿಯಾ?" ಐರಿನ್ ನನ್ನ ತೋಳು ಹಿಡಿದರು. "ಅಂಕಲ್, ನೀವು ಗ್ರೇಟ್. ನನ್ನ ಹನ್ನೆರಡು ವರ್ಷದಲ್ಲಿ ಇಷ್ಟು ಹೆದರಿದ ನಾಯಿ ಇಷ್ಟು ಬೇಗ ಹೀಗೆ ಆದದ್ದು ನಾನು ನೋಡ್ಲಿಲ್ಲ."

ಫೋಟೋ ತೆಗೆದರು. ಅಂದೇ ಸಂಜೆ ಅದನ್ನು ತಮ್ಮ ವಾಟ್ಸಾಪ್ ಗುಂಪಿಗೆ ಹಾಕಿದರು. ಫೋಟೋದಲ್ಲಿ ಹಸನಾಕ, ಮೆಟ್ಟಿಲು, ಪೊಣ್ಣು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅರ್ಧ ಕಾಣುವ ಸ್ಟೀಲ್ ಬಟ್ಟಲು ನಮ್ಮದು. ಗುಂಪಿನವರೆಲ್ಲ ಆ ಅಂಕಲ್‌ಗೆ ಹೃದಯದ ಚಿಹ್ನೆ ಕಳಿಸಿದರು. ನಾನೂ ಒಂದು ಕಳಿಸಿದೆ, ಕಳಿಸದಿದ್ದರೆ ಚಂದ ಇರುವುದಿಲ್ಲವೆಂದು. ಆಮೇಲೆ ಆ ಫೋಟೋವನ್ನು ಎಷ್ಟು ಸಲ ತೆರೆದು ನೋಡಿದೆನೋ ಲೆಕ್ಕವಿಲ್ಲ. ನೆಲದ ಮೇಲೆ ಹೊರಳಾಡಿದ್ದು ಯಾರು, ಲಿವರ್ ಬೇಯಿಸಿದ್ದು ಯಾರು, ಮುಲಾಮು ಹಚ್ಚಿದ್ದು ಯಾರು ಎಂದು ಮನಸ್ಸು ಒಂದೇ ಸಮನೆ ಕೇಳುತ್ತಿತ್ತು.

ಮರುದಿನ ಸಂಜೆ ನಾನು ಹಸನಾಕರ ಮೆಟ್ಟಿಲ ಬಳಿಗೆ ಹೋದೆ. ಏನು ಹೇಳಬೇಕೆಂದು ಬಸ್ಸಿನಲ್ಲೇ ಜೋಡಿಸಿಕೊಂಡು ಬಂದಿದ್ದೆ.

"ಹಸನಾಕ, ಈ ನಾಯಿ ದಿನಾ ನಿಮ್ಮ ಹತ್ತಿರವೇ ಬರ್ತದೆ. ಮಳೆಗೆ ಮೈಯೆಲ್ಲ ಒದ್ದೆ ಇರ್ತದೆ. ನಿಮಗೆ ನಮಾಜಿಗೆ ಹೋಗ್ಲಿಕ್ಕೆ ಉಂಟು, ತಾಗಿದರೆ ಕಷ್ಟ. ನಾಳೆಯಿಂದ ಸಂಜೆ ನಾನು ಅದನ್ನು ಒಳಗೇ ಇಟ್ಟುಕೊಳ್ತೇನೆ."

"ನಾನು ಕಷ್ಟ ಅಂತ ಹೇಳಿದ್ದೇನಾ?"

"ನೀವು ಹೇಳುವವರಲ್ಲ. ಆದರೂ ನಾವು ನೋಡಿಕೊಳ್ಳಬೇಕಲ್ಲ. ಐಸಮ್ಮ ಬಂದ ಮೇಲೆ ಅವರಿಗೂ ಬೇಜಾರಾಗಬಾರದು."

ಹಸನಾಕ ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದರು. ಪೇಪರ್ ಮಡಚಿದರು. "ನಿಮ್ಮ ನಾಯಿ, ಡಾಕ್ಟ್ರೇ. ನೀವು ಹೇಗೆ ಹೇಳ್ತೀರೋ ಹಾಗೆ," ಎಂದು ಎದ್ದು ಒಳಗೆ ಹೋದರು. ಅಷ್ಟು ದಿನ ಅವರು ನನ್ನನ್ನು ಡಾಕ್ಟ್ರೇ ಎಂದು ಕರೆದವರಲ್ಲ. ಶೈಲಾ ಎಂದೇ ಕರೆಯುತ್ತಿದ್ದರು.

ಮರುದಿನದಿಂದ ಆ ಮೆಟ್ಟಿಲು ಖಾಲಿ. ನಾನು ಸಂಜೆ ಹಿಂದಿನ ಬಾಗಿಲಿಗೆ ಚಿಲಕ ಹಾಕುತ್ತಿದ್ದೆ, ಹಾಕದಿದ್ದರೂ ನಡೆಯುತ್ತಿತ್ತು. ಹಸನಾಕ ಬಂದರಿನಿಂದ ಬಂದವರು ಬಾಗಿಲು ಮುಚ್ಚಿಕೊಂಡು ಒಳಗಿರುತ್ತಿದ್ದರು, ಇಲ್ಲವೇ ಬೇಗನೆ ಮಸೀದಿಗೆ ಹೋಗಿಬಿಡುತ್ತಿದ್ದರು. ದಾರಿಯಲ್ಲಿ ಸಿಕ್ಕಿದರೆ ಅಮ್ಮನನ್ನು "ಕಲ್ಯಾಣಿಯಕ್ಕ, ಸೌಖ್ಯವಾ?" ಎಂದು ಕೇಳುತ್ತಿದ್ದರು. ನನಗೆ ತಲೆಯಾಡಿಸುತ್ತಿದ್ದರು.

ಪೊಣ್ಣು ಮೊದಲ ಮೂರು ದಿನ ಐದು ಗಂಟೆಗೆ ಬಾಗಿಲು ಕೆರೆಯಿತು. ನಾನು ಪಕ್ಕದಲ್ಲಿ ಕೂತು, ಇನ್ನಾದರೂ ನನ್ನ ಕಡೆ ತಿರುಗೀತು ಎಂದು ಕಾದೆ. ನಾಲ್ಕನೆಯ ದಿನ ಅದು ಕೆರೆಯಲಿಲ್ಲ. ಮಂಚದಡಿಗೆ ಹೋಯಿತು. ಅನ್ನ ಬಟ್ಟಲಲ್ಲೇ ಹಳಸಿತು. ವಾರದೊಳಗೆ ಅದು ಮುಚ್ಚಿಕೊಂಡಿದ್ದ ಗಾಯವನ್ನು ನೆಕ್ಕಿ ನೆಕ್ಕಿ ಮತ್ತೆ ಕೆಂಪು ಮಾಡಿಕೊಂಡಿತ್ತು. ಐರಿನ್ ಫೋನ್ ಮಾಡಿದಾಗ, "ಮಳೆ ಜೋರಲ್ವಾ, ಗುಡುಗಿಗೆ ಹೆದರಿದೆ," ಎಂದೆ.

ಆ ಭಾನುವಾರ ಅವರು ಕಂಕನಾಡಿಯ ದಂಪತಿಯನ್ನು ಕರೆತಂದರು. ಫೋಟೋ ನೋಡಿ ಇಷ್ಟಪಟ್ಟು ಬಂದವರು. ಪೊಣ್ಣುವನ್ನು ಮಂಚದಡಿಯಿಂದ ತೆಗೆದರೆ ಅದು ಆ ಹೆಂಗಸಿನ ಕಾಲ ಬಳಿ ಗಡಗಡ ನಡುಗಿ ಉಚ್ಚೆ ಹೊಯ್ದುಕೊಂಡಿತು. ಅವರು ಒಳ್ಳೆಯವರೇ. ಚಾ ಕುಡಿದು, ಯೋಚಿಸಿ ಹೇಳ್ತೇವೆ ಎಂದು ಎದ್ದರು. ಗೇಟು ಮುಚ್ಚಿದ ಸದ್ದು ಕೇಳಿದಾಗ ನನ್ನೊಳಗೆ ಎದ್ದದ್ದು ಸಂತೋಷ. ಸದ್ಯ ಇದು ಯಾರ ಪಾಲಿಗೂ ಇಲ್ಲ ಎಂಬ ಸಂತೋಷ. ಅದು ನನಗೇ ಸ್ಪಷ್ಟವಾಗಿ ಗೊತ್ತಾಯಿತು, ಗೊತ್ತಾಗಿ ಹೆದರಿಕೆಯಾಯಿತು.

ಅಮ್ಮ ಚಾದ ಗ್ಲಾಸುಗಳನ್ನು ಎತ್ತುತ್ತಿದ್ದರು. ನನ್ನ ಮುಖ ನೋಡಿದರು. "ನೀನು ಅವರಿಗೆ ಹೇಳಿದ್ದು ನನಗೆ ಕೇಳಿದೆ," ಎಂದರು.

"ಯಾರಿಗೆ?"

"ಹಸನಾಕನಿಗೆ. ಅಡುಗೆಮನೆಯ ಕಿಟಕಿ ತೆರೆದಿತ್ತು." ಗ್ಲಾಸುಗಳನ್ನು ಕೆಳಗಿಟ್ಟರು. "ತಂಗಿ ಹುಟ್ಟಿದಾಗ ತೊಟ್ಟಿಲ ಹಗ್ಗ ಬಿಚ್ಚಿದವಳು ನೀನು. ಆಗ ನಿನಗೆ ನಾಲ್ಕು ವರ್ಷ, ನಾನು ಎರಡು ಪೆಟ್ಟು ಕೊಟ್ಟೆ, ಆಯ್ತು. ಈಗ ನಲವತ್ತೆರಡು. ನಾನು ಎಂತ ಮಾಡುವುದು?"

ಮರುದಿನ ನಾನು ಅರ್ಧ ದಿನ ರಜೆ ಹಾಕಿ ಹಂಪನಕಟ್ಟೆಯಿಂದ ಬಂದರಿಗೆ ಆಟೋ ಹಿಡಿದೆ. ಮಳೆ ಒಂದೇ ಸಮನೆ ಹೊಯ್ಯುತ್ತಿತ್ತು. ಹಸನಾಕರ ಗೋದಾಮು ನನಗೆ ಗೊತ್ತಿರಲಿಲ್ಲ. ಕೇಳಿ ಕೇಳಿ ಹೋದೆ. ಅವರು ಗೋಣಿಚೀಲಗಳ ನಡುವೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ನನ್ನನ್ನು ಕಂಡು ಎದ್ದು ನಿಂತರು.

"ಕಲ್ಯಾಣಿಯಕ್ಕನಿಗೆ ಎಂತಾದರೂ ಆಯ್ತಾ?"

"ಇಲ್ಲ. ಅಮ್ಮ ಸರಿ ಇದ್ದಾರೆ." ಕೊಡೆಯ ನೀರು ನನ್ನ ಕಾಲ ಮೇಲೆ ಸುರಿಯುತ್ತಿತ್ತು. "ಹಸನಾಕ, ನಾನು ಅವತ್ತು ಹೇಳಿದ್ದು ನಿಮಗೆ ಕಷ್ಟ ಆಗ್ತದೆ ಅಂತ ಅಲ್ಲ. ನಾಯಿ ನಿಮ್ಮ ಹತ್ತಿರ ಬರ್ತದೆ, ನನ್ನ ಹತ್ತಿರ ಬರುವುದಿಲ್ಲ, ಅದಕ್ಕೆ. ನನಗೆ ನೋಡ್ಲಿಕ್ಕೆ ಆಗ್ಲಿಲ್ಲ."

ಅವರು ಒಂದು ಸ್ಟೂಲ್ ಎಳೆದು ಕೊಟ್ಟರು. ಆಮೇಲೆ ತಾವೂ ಕೂತರು. "ಅದು ನನಗೆ ಗೊತ್ತಿತ್ತು."

"ಗೊತ್ತಿದ್ದೂ ನೀವು ಎಂತದೂ ಹೇಳ್ಲಿಲ್ಲ."

"ಎಂತ ಹೇಳುವುದು? ನೀವು ನಮಾಜಿನ ಮಾತು ಹಿಡಿದುಕೊಂಡು ಬಂದ್ರಿ. ಬೇರೆ ಎಂತ ಹೇಳಿದ್ರೂ ನಾನು ಜಗಳ ಮಾಡ್ತಿದ್ದೆ. ಶೈಲಾ, ನಿನಗೆ ಹೊಟ್ಟೆಕಿಚ್ಚು ಅಂತ ಮುಖಕ್ಕೇ ಹೇಳ್ತಿದ್ದೆ. ನಮಾಜಿನ ಮಾತಿನ ಎದುರು ಮಾತ್ರ ನಾನು ಎಂತ ಹೇಳಲಿ? ನಮಾಜು ದೊಡ್ಡದಲ್ಲ, ನಾಯಿ ಇರಲಿ ಅಂತಲಾ? ಅಂಥ ಮಾತು ನನ್ನ ಬಾಯಲ್ಲಿ ಬರ್ತದಾ?"

ಬಸ್ಸಿನಲ್ಲಿ ಜೋಡಿಸಿಕೊಳ್ಳುವಾಗ ಅದು ತುಂಬ ಮರ್ಯಾದೆಯ ಮಾತಾಗಿ ಕಂಡಿತ್ತು.

ಗೋದಾಮಿನ ಮಾಡಿನ ಶೀಟಿನ ಮೇಲೆ ಮಳೆಯ ಸದ್ದು. ಹಸನಾಕ ಚೀಲದ ಹೊಲಿಗೆಯ ದಾರವನ್ನು ಕೈಯಲ್ಲಿ ಸುತ್ತುತ್ತಾ, "ನನಗೂ ಒಂದು ಹೇಳ್ಲಿಕ್ಕುಂಟು," ಎಂದರು. "ನೀವು ಹಿಂದಿನ ಬಾಗಿಲ ಹತ್ತಿರ ಕೂತು ಅದಕ್ಕೆ ಮದ್ದು ಹಚ್ಚುವುದು ನನ್ನ ಮೆಟ್ಟಿಲಿಂದ ಕಾಣ್ತದೆ. ನೀವು ಅದರ ಬೆನ್ನಿನ ಮೇಲೆ ಕೈ ಇಡ್ತೀರಿ, ಕಿವಿಯ ಹಿಂದೆ ಉಜ್ಜುತ್ತೀರಿ. ನಡುಗಿದ್ರೂ ಅದು ಕಚ್ಚುವುದಿಲ್ಲ. ನನಗೆ ದಿನಾ ಅನಿಸ್ತಿತ್ತು, ಇವಳಿಗೆ ಮುಟ್ಟಲಿಕ್ಕೆ ಸಿಗ್ತದಲ್ಲ ಅಂತ. ನನ್ನ ಕಾಲಿನ ಹತ್ತಿರ ಅದು ಮಲಗುವಾಗ ಅದರ ಹೊಟ್ಟೆ ಮೇಲೆ ಕೆಳಗೆ ಹೋಗುವುದು ಕಾಣ್ತದೆ. ಕೈ ನೀಡಿದರೆ ತಾಗ್ತದೆ. ನಾನು ಪೇಪರ್ ಗಟ್ಟಿ ಹಿಡ್ಕೊಳ್ತಿದ್ದೆ."

ಅವರು ನಗಲಿಲ್ಲ. ನಾನೂ ನಗಲಿಲ್ಲ.

"ಇವತ್ತಿನಿಂದ ಬಾಗಿಲು ತೆರೆದಿಡ್ತೇನೆ," ಎಂದೆ. "ನೀವು ಬರ್ತೀರಾ?"

"ನೋಡುವ," ಎಂದರು.

ಅಂದು ಬರಲಿಲ್ಲ, ಮರುದಿನವೂ ಇಲ್ಲ. ಅದು ನನಗೆ ಸಿಗಬೇಕಾದದ್ದೇ ಎಂದುಕೊಂಡೆ. ಮೂರನೆಯ ಸಂಜೆ ಹಸನಾಕರ ಬಾಗಿಲು ತೆರೆಯುವ, ಮೆಟ್ಟಿಲಲ್ಲಿ ಪೇಪರ್ ಬಿಡಿಸುವ ಸದ್ದು ಕೇಳಿತು. ಮಂಚದಡಿಯಲ್ಲಿ ಪೊಣ್ಣುವಿನ ಉಗುರು ನೆಲಕ್ಕೆ ತಾಗಿತು. ಅದು ಹೊಟ್ಟೆ ನೆಲಕ್ಕೆ ಸವರಿಕೊಂಡು ಬಾಗಿಲು ದಾಟುವಾಗ ನಾನು ಅದರ ಕಡೆ ನೋಡಲಿಲ್ಲ. ನನ್ನ ಮೆಟ್ಟಿಲ ಮೇಲೆ ಮೊರ ಇಟ್ಟುಕೊಂಡು ಪತ್ರೊಡೆಗೆಂದು ಕೆಸುವಿನ ಎಲೆಯ ನಾರು ತೆಗೆಯುತ್ತಾ ಕೂತೆ.

ಆಗಸ್ಟ್ ತಿಂಗಳ ಸಂಜೆಗಳು ಹಾಗೇ ಕಳೆದವು. ಮೂವರೂ ಹಿತ್ತಿಲಲ್ಲಿ, ಮಾತು ಕಡಿಮೆ. ಪೊಣ್ಣು ಮಲಗುವ ಜಾಗ ನಮ್ಮಿಬ್ಬರ ನಡುವೆ, ಆದರೆ ಯಾವಾಗಲೂ ಹಸನಾಕರ ಕಡೆಗೆ ಒಂದು ಮಾರು ಹತ್ತಿರ. ಆ ಒಂದು ಮಾರು ನನ್ನನ್ನು ಕುಟುಕುವುದು ನಿಲ್ಲಲಿಲ್ಲ. ನಿಲ್ಲುತ್ತದೆ ಎಂದು ಕಾಯುವುದನ್ನು ಮಾತ್ರ ಬಿಟ್ಟೆ. ಒಂದು ದಿನ ನಾನು ಕೆಸುವಿನ ಎಲೆ ಸುತ್ತುತ್ತಿರುವಾಗ ಹಿಂದಿನಿಂದ ಬಂದು ನನ್ನ ಮೊಣಕೈಗೆ ಮೂಗು ತಾಗಿಸಿ ಹೋಯಿತು. ತಣ್ಣಗೆ, ಒದ್ದೆಯಾಗಿತ್ತು. ನಾನು ತಿರುಗಲಿಲ್ಲ. ಹಸನಾಕ ಪೇಪರಿನ ಹಿಂದಿನಿಂದ, "ಕಂಡಿತು, ಕಂಡಿತು," ಎಂದರು. ಅವರ ದನಿಯಲ್ಲೂ ಸ್ವಲ್ಪ ಹುಳಿ ಇತ್ತು.

ಸೆಪ್ಟೆಂಬರಿನಲ್ಲಿ ಮನೆ ಸಿಕ್ಕಿತು. ಮೂಲ್ಕಿಯಲ್ಲಿ ಒಬ್ಬ ಟೀಚರು, ದೊಡ್ಡ ಹಿತ್ತಿಲು, ಸದ್ದುಗದ್ದಲವಿಲ್ಲದ ಮನೆ. ಅವರು ಮೊದಲೇ ಎರಡು ಸಲ ಬಂದು, ನಾನು ಹೇಳಿಕೊಟ್ಟ ಹಾಗೆ ಪೊಣ್ಣುವನ್ನು ನೋಡದೆ, ನಮ್ಮ ಹಿತ್ತಿಲಲ್ಲಿ ಸುಮ್ಮನೆ ಕೂತು ಹೋಗಿದ್ದರು. ಹೇಳಿಕೊಡುವಾಗ, ಹೇಳಿಕೊಡದೇ ಇದ್ದುಬಿಟ್ಟರೆ ಹೇಗೆ ಎಂಬ ಯೋಚನೆ ಒಮ್ಮೆ ಬಂದು ಹೋಯಿತು. ಆದರೂ ಒಂದೂ ಬಿಡದೆ ಎಲ್ಲವನ್ನೂ ಹೇಳಿದೆ.

ಹೋಗುವ ದಿನ ಐರಿನ್‌ರ ಕಾರು ಗೇಟಿನಲ್ಲಿ ನಿಂತಿತ್ತು. ನಾನು ಪೊಣ್ಣುವನ್ನು ಎತ್ತಿಕೊಂಡೆ. ಅದು ನನ್ನ ತೋಳಲ್ಲಿ ಬಿಗಿಯಾಯಿತು, ಆದರೆ ನಡುಗಲಿಲ್ಲ. ಹಸನಾಕ ಮೆಟ್ಟಿಲ ಮೇಲೆ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದರು. ನಾನು ನಡೆಯುತ್ತಿದ್ದಷ್ಟು ಹೊತ್ತೂ ಅದರ ತಲೆ ನನ್ನ ಹೆಗಲ ಮೇಲಿಂದ ಹಿಂದಕ್ಕೆ ತಿರುಗಿಯೇ ಇತ್ತು. ಯಾರನ್ನು ನೋಡುತ್ತಿತ್ತೆಂದು ನನಗೆ ತಿರುಗಿ ನೋಡಬೇಕಾಗಿರಲಿಲ್ಲ.

ಎರಡು ವಾರ ಕಳೆದ ಮೇಲೆ ಮೂಲ್ಕಿಯ ಟೀಚರು ಒಂದು ವೀಡಿಯೋ ಕಳಿಸಿದರು. ಪೊಣ್ಣು ಅವರ ಸೋಫಾದ ಮೇಲೆ ಅಂಗಾತ ಮಲಗಿತ್ತು. ನಾಲ್ಕೂ ಕಾಲು ಮೇಲೆ, ಹೊಟ್ಟೆ ಪೂರ್ತಿ ಬಯಲು, ಬಾಯಿ ಅರ್ಧ ತೆರೆದು ಗೊರಕೆ. ಟೀಚರ ಬಳೆ ತೊಟ್ಟ ಕೈ ಆ ಹೊಟ್ಟೆಯನ್ನು ಸವರುತ್ತಿತ್ತು. ನಾನು ಅದನ್ನು ನಿಂತಲ್ಲೇ ಎರಡು ಸಲ ನೋಡಿ, ಹಿತ್ತಿಲು ದಾಟಿ ಹಸನಾಕರ ಮೆಟ್ಟಿಲಿಗೆ ಹೋಗಿ ಫೋನನ್ನು ಅವರ ಕೈಗೆ ಕೊಟ್ಟೆ.

ಅವರು ಕನ್ನಡಕ ಸರಿಮಾಡಿಕೊಂಡು ಕೊನೆಯವರೆಗೂ ನೋಡಿದರು. ಮತ್ತೆ ಮೊದಲಿನಿಂದ ನೋಡಿದರು. "ನಮ್ಮಲ್ಲಿ ಇದು ಒಂದು ದಿನವಾದರೂ ಹೀಗೆ ಮಲಗಿತ್ತಾ?"

"ಇಲ್ಲ."

ಫೋನ್ ವಾಪಸು ಕೊಡಲಿಲ್ಲ. ಪರದೆಯನ್ನು ಸ್ವಲ್ಪ ದೂರ ಹಿಡಿದು, ಬಾಯಿ ಸೊಟ್ಟ ಮಾಡಿ, "ಹೊಟ್ಟೆ ನೋಡು ಶೈಲಾ. ತುಂಬ ದಪ್ಪ ಮಾಡಿಬಿಟ್ಟಿದ್ದಾರೆ," ಎಂದರು.

ನಾನು ಅವರ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕೂತೆ. "ಹೌದು ಹಸನಾಕ," ಎಂದೆ. "ಬರೇ ಅನ್ನ ಹಾಕ್ತಾರೆ ಕಾಣ್ತದೆ. ನಾಯಿ ಸಾಕಲಿಕ್ಕೆ ಗೊತ್ತಿಲ್ಲ ಅವರಿಗೆ."